ವೇದನಾಭಯ ಮತ್ತು ಅನಿಷ್ಟಾಹಾರ

ಜೈನಶಾಸ್ತ್ರಗಳು ಹೇಳುವ ಸಪ್ತಭಯಗಳಲ್ಲಿ ವೇದನಾಭಯವೂ ಒಂದು. ಇಹಲೋಕಭಯ, ಪರಲೋಕಭಯ, ವೇದನಾಭಯ, ಅರಕ್ಷಾಭಯ, ಅಗುಪ್ತಿಭಯ, ಮರಣಭಯ, ಆಕಸ್ಮಿಕಭಯ ಎಂದು ಎಣಿಸುವಾಗ ಮರಣಭಯವನ್ನೂ ವೇದನಾಭಯವನ್ನೂ ಬೇರೆ ಬೇರೆಯಾಗಿ ಇರಿಸಿರುವುದು ಏಳರ ಸಂಖ್ಯೆಯನ್ನು ತುಂಬಿಸುವುದಕ್ಕಲ್ಲ. ಸಾವಿಗೆ ಅಂಜದವನೂ ರೋಗಕ್ಕೆ ಅಂಜಬಲ್ಲನು. ಬಂದ ರೋಗದ ನೋವು ಒಂದು, ಅದು ಬಂದೀತು, ಬಂದದ್ದು ಹೆಚ್ಚೀತು ಎಂಬ ನಡುಕ ಇನ್ನೊಂದು. ಪ್ರಾಚೀನರು ಈ ಎರಡನೆಯದಕ್ಕೆ ಪ್ರತ್ಯೇಕ ಹೆಸರಿಟ್ಟರು.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಇದನ್ನು ಇನ್ನಷ್ಟು ಸೂಕ್ಷ್ಮವಾಗಿ ಬಿಡಿಸುತ್ತದೆ. ಅಲ್ಲಿ ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಮೂರನೆಯದು ವೇದನೆಗೆ ಸಂಬಂಧಿಸಿದುದು. ಅದನ್ನು ಪೀಡಾಚಿಂತನವೆಂದು ಕರೆಯುವುದು ರೂಢಿ. ವಿದ್ಯಾರ್ಥಿಗಳು ಗಮನಿಸಬೇಕಾದ ಪದವೆಂದರೆ 'ಸ್ಮೃತಿಸಮನ್ವಾಹಾರ'. ಅಪ್ರಿಯವಾದುದು ತೊಲಗಲಿ ಎಂದು ಸ್ಮೃತಿಯನ್ನು ಮತ್ತೆ ಮತ್ತೆ ಅದರ ಬಳಿಗೇ ಎಳೆದು ತರುವುದು ಎಂಬುದು ಅದರ ಅಭಿಪ್ರಾಯ. ನೋವು ಆರ್ತಧ್ಯಾನವಲ್ಲ, ನೋವು ಹೋಯಿತೇ ಇದೆಯೇ ಎಂದು ಗಳಿಗೆ ಗಳಿಗೆಗೂ ತಡವಿ ನೋಡುವ ಚಿತ್ತವ್ಯಾಪಾರವೇ ಆರ್ತಧ್ಯಾನ. ತೊಲಗಿಸುವ ಉದ್ದೇಶದಿಂದಲೇ ಹಿಡಿದಿಟ್ಟುಕೊಳ್ಳುವ ಈ ವಿಚಿತ್ರವನ್ನು ಇಂದಿನ ಮನೋವೈದ್ಯರು ಆರೋಗ್ಯದ ಆತಂಕ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯು 2013ರ ಆವೃತ್ತಿಯಲ್ಲಿ ಕೈಬಿಟ್ಟ ಹಳೆಯ ಹೆಸರು ಹೈಪೊಕಾಂಡ್ರಿಯಾಸಿಸ್. ಆ ಗ್ರೀಕ್ ಶಬ್ದದ ಮೂಲಾರ್ಥ ಪಕ್ಕೆಲುಬಿನ ಮೃದ್ವಸ್ಥಿಯ ಕೆಳಗಿನ ಭಾಗ, ಅಂದರೆ ಮೇಲುಹೊಟ್ಟೆ. ಅಂಜಿಕೆಯ ನೆಲೆ ಹೊಟ್ಟೆಯೆಂಬ ಭಾವನೆ ಪಶ್ಚಿಮದಲ್ಲಿಯೂ ಹಳೆಯದೇ. ಚರಕಸಂಹಿತೆಯ ವಿಮಾನಸ್ಥಾನವೂ ಹಿತವಾದ ಅನ್ನವನ್ನು ಮಿತವಾಗಿಯೇ ಉಂಡರೂ ಚಿಂತೆ, ಶೋಕ, ಭಯ, ಕ್ರೋಧಗಳಿದ್ದಲ್ಲಿ ಅದು ಜೀರ್ಣವಾಗದೆಂದು ಹೇಳುತ್ತದೆ. 2016ರಲ್ಲಿ ಪ್ರಕಟವಾದ ರೋಮ್ ಮಾನದಂಡಗಳ ನಾಲ್ಕನೆಯ ಆವೃತ್ತಿಯು ಕೆರಳುವ ಕರುಳಿನಂತಹ ತೊಂದರೆಗಳನ್ನು ಕರುಳು ಮತ್ತು ಮಿದುಳಿನ ಪರಸ್ಪರ ವ್ಯವಹಾರದ ದೋಷಗಳೆಂದು ಕರೆದಿರುವುದು ಈ ಮಾತಿಗೆ ಬಹಳ ದೂರವೇನಲ್ಲ.

ಶಾಸ್ತ್ರದ ಈ ಪರಿಭಾಷೆಯನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಸೀಮೆಯಲ್ಲಿ ಆಹಾರತ್ಯಾಗಕ್ಕೆ ಇರುವ ಗೌರವ ಬೇರೆಡೆ ಕಾಣುವಂಥದಲ್ಲ. ದಿಗಂಬರ ಮುನಿಪರಂಪರೆಗೆ ಇಪ್ಪತ್ತನೆಯ ಶತಮಾನದಲ್ಲಿ ಮರುಹುಟ್ಟು ಕೊಟ್ಟ ಆಚಾರ್ಯ ಶಾಂತಿಸಾಗರರು ಭೋಜ ಗ್ರಾಮದವರು. ಆಚಾರ್ಯ ದೇಶಭೂಷಣರದು ಕೋಥಳಿ, ಆಚಾರ್ಯ ವಿದ್ಯಾನಂದರದು ಶೇಡಬಾಳ. 2024ರ ಫೆಬ್ರುವರಿಯಲ್ಲಿ ಡೊಂಗರಗಢದಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರರು ಸದಲಗದ ಮನೆಯಿಂದ ಹೊರಟವರು; ಉಪ್ಪು, ಸಕ್ಕರೆಗಳನ್ನು ಬಿಟ್ಟು ಬಾಳಿದವರು. ಊರಿನ ಬಸದಿಯಲ್ಲಿ ಚಾತುರ್ಮಾಸ ನಡೆದಾಗ ಚೌಕಾ ಹಾಕಿ, ನಿಂತು ಕೈಯಲ್ಲಿ ಒಂದೇ ಹೊತ್ತು ಉಣ್ಣುವ ಮುನಿಗೆ ಆಹಾರ ಕೊಟ್ಟು ಬೆಳೆದ ಮಕ್ಕಳಿಗೆ ಬಿಡುವುದು ದೊಡ್ಡದು ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಇಂತಹ ಸೀಮೆಯಲ್ಲಿ ಒಬ್ಬ ಶ್ರಾವಕನು ಒಂದೊಂದಾಗಿ ಅಡಿಗೆಗಳನ್ನು ಬಿಡುತ್ತ ಬಂದರೆ, ಅವನು ನೇಮದಿಂದ ಬಿಟ್ಟನೋ ಅಂಜಿಕೆಯಿಂದ ಬಿಟ್ಟನೋ ಎಂದು ತಾಟನ್ನು ನೋಡಿ ಹೇಳಲಾಗದು.

ಕಾಗವಾಡ ತಾಲೂಕಿನ ಕೃಷ್ಣಾತೀರದ ಊರೊಂದರ ನಿವೃತ್ತ ಕನ್ನಡ ಮಾಸ್ತರರೊಬ್ಬರ ವಿಷಯದಲ್ಲಿ ಹೀಗೆಯೇ ಆಯಿತು. 2019ರ ಆಗಸ್ಟಿನ ಮಹಾಪೂರ ಇಳಿದ ಮೇಲೆ ಊರಿನ ಅನೇಕರಂತೆ ಅವರಿಗೂ ವಾಂತಿಭೇದಿಯಾಯಿತು. ಮನೆಯಲ್ಲಿ ನೀರನ್ನು ಅರಿವೆಯಲ್ಲಿ ಗಾಳಿಸಿಯೇ ಕುಡಿಯುತ್ತಿದ್ದರು. ಗಾಳಿಸಿದ ನೀರು ಕಣ್ಣಿಗೆ ಕಾಣುವ ಜೀವಗಳನ್ನು ಕಾಯುತ್ತದೆಯೇ ಹೊರತು ಕುಡಿಯುವವನನ್ನು ರೋಗಾಣುಗಳಿಂದ ಕಾಯುವುದಿಲ್ಲ. ಅದಕ್ಕೆ ಶಾಸ್ತ್ರವೇ ಹೇಳುವಂತೆ ಕಾಯಿಸಿ ಪ್ರಾಸುಕ ಮಾಡಬೇಕು, ಆ ಗದ್ದಲದಲ್ಲಿ ಅದು ನಡೆಯಲಿಲ್ಲ. ಭೇದಿ ನಾಲ್ಕು ದಿನಗಳಲ್ಲಿ ನಿಂತಿತು, ಆದರೆ ಹೊಟ್ಟೆ ಮೊದಲಿನ ಸ್ಥಿತಿಗೆ ಬರಲಿಲ್ಲ. ಉಬ್ಬರ, ಹಿಂಡಿದಂತಹ ನೋವು, ಒಂದು ವಾರ ಮಲಬದ್ಧತೆ, ಮರುವಾರ ದಿನಕ್ಕೆ ನಾಲ್ಕು ಸಲ ಹೊರಗೆ. ಕರುಳಿನ ಸೋಂಕು ಹೋದಮೇಲೂ ಕೆಲವರಲ್ಲಿ ಕರುಳು ಹೀಗೆ ಸೂಕ್ಷ್ಮವಾಗಿ ಉಳಿಯುವುದು ವೈದ್ಯರಿಗೆ ತಿಳಿದ ಸಂಗತಿ. ಮಾಸ್ತರರಿಗೆ ಅದು ತಿಳಿದಿರಲಿಲ್ಲ. ಅದೇ ವರ್ಷ ಅವರ ಸೋದರಮಾವನ ಮಗ, ಓರಗೆಯವರು, ಜಠರದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು.

ಮೊದಲು ಹಾಲು ಹೋಯಿತು. ಆಮೇಲೆ ಝುಣಕ, ಮಡಿಕೆಕಾಳಿನ ಉಸುಳಿ, ಚಪಾತಿ, ಶೇಂಗಾ ಚಟ್ನಿ, ಬದನೆಕಾಯಿ. ಉಂಡ ದಿನ ಹೊಟ್ಟೆ ಕೆಟ್ಟರೆ ಆ ದಿನ ಉಂಡದ್ದೆಲ್ಲವೂ ಅಪರಾಧಿ. ಎರಡು ವರ್ಷಗಳಲ್ಲಿ ಅನ್ನ, ತಿಳಿಮಜ್ಜಿಗೆ, ಹೆಸರುಬೇಳೆಯ ಕಟ್ಟು ಮಾತ್ರ ಉಳಿದವು. ಪ್ರತಿದಿನ ಬೆಳಿಗ್ಗೆ ಕನ್ನಡಿಯಲ್ಲಿ ನಾಲಗೆ ನೋಡಿಕೊಳ್ಳುವುದು, ಹೊಟ್ಟೆಯನ್ನು ಮೂರು ಕಡೆ ಒತ್ತಿ ನೋಡುವುದು, ಸೊಸೈಟಿಯ ತಕ್ಕಡಿಯಲ್ಲಿ ತೂಗಿಕೊಳ್ಳುವುದು, ರಾತ್ರಿ ಮೊಬೈಲಿನಲ್ಲಿ ರೋಗಗಳ ಹೆಸರು ಓದುವುದು ನಿತ್ಯಕ್ರಮವಾಯಿತು. ತೂಕ 11 ಕಿಲೊ ಇಳಿಯಿತು. ತೂಕ ಇಳಿದದ್ದೇ ದೊಡ್ಡ ರೋಗಕ್ಕೆ ಸಾಕ್ಷಿಯೆಂದು ಅಂಜಿ ಇನ್ನಷ್ಟು ಬಿಟ್ಟರು. ಊರಿನವರು ಮಾತ್ರ, ಮಾಸ್ತರು ನೇಮ ಹಿಡಿದಿದ್ದಾರೆಂದು ಬಸದಿಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಅವರೂ ಅಲ್ಲವೆನ್ನಲಿಲ್ಲ. ಈ ಮೌನವನ್ನು ಕಪಟವೆನ್ನುವುದು ಕ್ರೂರವಾದೀತು. ಅಂಜಿಕೆಗೆ ವ್ರತದ ಹೆಸರು ದೊರೆತಾಗ ಅದನ್ನು ಹೊತ್ತು ನಡೆಯುವುದು ಸ್ವಲ್ಪ ಹಗುರವಾಗುತ್ತದೆ.

ಅದನ್ನು ಮೊದಲು ಗುರುತಿಸಿದವರು ಅವರ ಮನೆಯವರು. ದಶಲಕ್ಷಣ ಪರ್ವದ ಒಂದು ಪಾರಣೆಯ ದಿನ ಹೋಳಿಗೆ ಬಡಿಸಿದಾಗ ಮಾಸ್ತರರ ಕೈ ನಡುಗಿತು. ಆಗ ಆಕೆ ಹೇಳಿದ್ದು ಇಷ್ಟು: "ನೇಮ ಹಿಡದವ್ರು ತಾಟ ನೋಡಿ ಅಂಜೂದಿಲ್ರೀ. ನೀವು ಅಂಜತೀರಿ."

ಈ ಮಾತಿಗೆ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಆಧಾರವಿದೆ. ಭೋಗೋಪಭೋಗ ಪರಿಮಾಣವ್ರತದ ಪ್ರಕರಣದಲ್ಲಿ ಆಚಾರ್ಯರು ಮದ್ಯ, ಮಾಂಸ, ಮಧು, ಹಸಿಶುಂಠಿ ಮೊದಲಾದುವುಗಳ ವರ್ಜನೆಯನ್ನು ಹೇಳಿದ ಬಳಿಕ 'ಅನಿಷ್ಟ'ವಾದುದನ್ನೂ ಬಿಡಬೇಕೆನ್ನುತ್ತಾರೆ. ಅನಿಷ್ಟವೆಂದರೆ ಇತರರಿಗೆ ನಿರ್ದೋಷವಾಗಿದ್ದರೂ ತನ್ನ ದೇಹಪ್ರಕೃತಿಗೆ ಒಗ್ಗದುದು ಎಂಬುದು ವ್ಯಾಖ್ಯಾನಕಾರರ ಅರ್ಥ. ಒಬ್ಬನಿಗೆ ಹಾಲು ಒಗ್ಗದು, ಇನ್ನೊಬ್ಬನಿಗೆ ಕಡಲೆ ಒಗ್ಗದು ಎಂಬ ಲೋಕಾನುಭವಕ್ಕೆ ಶ್ರಾವಕಾಚಾರದಲ್ಲಿಯೇ ಸ್ಥಾನ ದೊರೆತಿದೆ. ಆದರೆ ಅದೇ ಪದ್ಯದ ಉತ್ತರಾರ್ಧವು ವ್ರತದ ಲಕ್ಷಣವನ್ನು ಹೇಳುತ್ತ, ಯೋಗ್ಯವಾದ ವಿಷಯದಿಂದ ಅಭಿಸಂಧಿಪೂರ್ವಕವಾಗಿ, ಅಂದರೆ ಬುದ್ಧಿಪೂರ್ವಕವಾದ ಸಂಕಲ್ಪದಿಂದ, ವಿರಮಿಸುವುದೇ ವ್ರತವೆನ್ನುತ್ತದೆ. ಉಣ್ಣಬಲ್ಲವನು ತಿಳಿದು ಬಿಟ್ಟರೆ ವ್ರತ. ಉಣ್ಣಲಾರದೆ ಬಿಟ್ಟುದಕ್ಕೆ ಬೇರೆ ಹೆಸರು ಬೇಕು.

ಮುಂದಿನ ಪದ್ಯಗಳು ಇನ್ನೂ ಉಪಯುಕ್ತ. ಕಾಲಮಿತಿಯುಳ್ಳ ತ್ಯಾಗ ನಿಯಮ, ಯಾವಜ್ಜೀವ ತ್ಯಾಗ ಯಮ ಎಂದು ವಿಭಾಗಿಸಿ, ನಿಯಮವನ್ನು ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಅಳೆಯಲಾಗಿದೆ. ಮಿರಜದ ಆಸ್ಪತ್ರೆಯೊಂದರಲ್ಲಿ ಮಾಸ್ತರರನ್ನು ಕೊನೆಗೆ ಪರೀಕ್ಷಿಸಿದ ವೈದ್ಯರು ಹೇಳಿದ ಪಥ್ಯವೂ ಇದೇ ರಚನೆಯದು. (1894ರಲ್ಲಿ ವಾನ್ಲೆಸ್ ಮಿಶನ್ ಆಸ್ಪತ್ರೆ ಆರಂಭವಾದಂದಿನಿಂದ ಅಥಣಿ, ಕಾಗವಾಡ, ರಾಯಬಾಗದ ಜನರಿಗೆ ಮಿರಜವೆಂದರೆ ದವಾಖಾನೆಯ ಊರು.) ಅರುವತ್ತು ದಾಟಿದ ವಯಸ್ಸು, ತೂಕದ ಇಳಿತ ಇವೆರಡನ್ನೂ ಕಡೆಗಣಿಸಬಾರದೆಂದು ಅವರು ರಕ್ತಪರೀಕ್ಷೆ, ಎಂಡೋಸ್ಕೋಪಿ, ಕೊಲೊನೋಸ್ಕೋಪಿಗಳನ್ನು ಮಾಡಿಸಿದರು. ಮಲದಲ್ಲಿ ರಕ್ತ, ರಕ್ತಹೀನತೆ, ನಿದ್ದೆಯಿಂದೆಬ್ಬಿಸುವ ನೋವು, ಕುಟುಂಬದಲ್ಲಿ ಕರುಳಿನ ಕ್ಯಾನ್ಸರು ಇದ್ದವರೂ ಹೀಗೆಯೇ ಪರೀಕ್ಷೆಗೆ ಒಳಗಾಗಬೇಕಾದವರು; ಇವರ ಅಂಜಿಕೆಯನ್ನು ಕೇವಲ ಮನಸ್ಸಿನದೆಂದು ತಳ್ಳಿಹಾಕುವುದು ಅಪಾಯಕರ. ಮಾಸ್ತರರಲ್ಲಿ ಗಡ್ಡೆಯಾಗಲಿ ಹುಣ್ಣಾಗಲಿ ಕಾಣಲಿಲ್ಲ. ಕೆರಳುವ ಕರುಳು, ಜೊತೆಗೆ ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆ ಎಂದು ನಿರ್ಣಯವಾಯಿತು.

ಪಥ್ಯದ ವಿವರ ಹೀಗಿದೆ. ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೆಯಾಗದ ಕೆಲವು ಕಿರುಶರ್ಕರಗಳು ದೊಡ್ಡ ಕರುಳಿಗಿಳಿದು ಅಲ್ಲಿನ ಬ್ಯಾಕ್ಟೀರಿಯಗಳಿಂದ ಹುದುಗಿ ವಾಯುವನ್ನು ಹುಟ್ಟಿಸುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಲವು ದ್ವಿದಳಧಾನ್ಯಗಳು, ಹಾಲು ಇವುಗಳಲ್ಲಿ ಅವು ಹೆಚ್ಚು. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಈ ಕ್ರಮದಲ್ಲಿ ಅಂತಹವುಗಳನ್ನು ಕೆಲವೇ ವಾರಗಳ ಮಟ್ಟಿಗೆ ಬಿಟ್ಟು, ಆಮೇಲೆ ಒಂದೊಂದನ್ನಾಗಿ ಅಳತೆಯಿಟ್ಟು ಮರಳಿ ತಂದು, ಯಾವುದು ಎಷ್ಟು ಒಗ್ಗುತ್ತದೆಂದು ಕಂಡುಕೊಳ್ಳಬೇಕು. ಬಿಡುವುದು ಇಲ್ಲಿ ನಿಯಮ, ಯಮವಲ್ಲ. ಮಾಸ್ತರರು ಎರಡು ವರ್ಷ ಮಾಡಿದ್ದು ಪ್ರತಿಯೊಂದು ನಿಯಮವನ್ನೂ ಯಮವಾಗಿಸುವ ಕೆಲಸ. ಈ ಸೀಮೆಯ ಅಡಿಗೆಯ ಬಗ್ಗೆ ವೈದ್ಯರ ಮಾತೊಂದು ಅವರಿಗೆ ಅಚ್ಚರಿಯೆನಿಸಿತು. ಜೋಳದ ರೊಟ್ಟಿ ಗೋಧಿಯಷ್ಟು ಕಾಡುವುದಿಲ್ಲ, ಗಟ್ಟಿಮೊಸರು ಹಾಲಿನಷ್ಟು ಕಾಡುವುದಿಲ್ಲ. ಅಂಜಿಕೆಯಲ್ಲಿ ರೊಟ್ಟಿಯನ್ನೂ ಮೊಸರನ್ನೂ ಬಿಟ್ಟವರು ಬಿಡಬೇಕಾಗಿಲ್ಲದುದನ್ನೇ ಬಿಟ್ಟಿದ್ದರು.

ಇನ್ನೊಂದು ಸಂಗತಿ. ಹಿಂದಿನ ವರ್ಷಗಳಲ್ಲಿಯೂ ಚಾತುರ್ಮಾಸದ ನಾಲ್ಕು ತಿಂಗಳು ತಮ್ಮ ಹೊಟ್ಟೆ ನೆಟ್ಟಗಿರುತ್ತಿತ್ತೆಂದು ಮಾಸ್ತರರು ನೆನಪಿಸಿಕೊಂಡರು. ಈ ಭಾಗದ ಕೆಲವು ಒಕ್ಕಲು ಮನೆಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳನ್ನು ಬಿಡುವುದು ಆ ನಾಲ್ಕು ತಿಂಗಳು ಮಾತ್ರ. ಅವರು ಅದನ್ನು ವ್ರತದ ಪುಣ್ಯವೆಂದು ಎಣಿಸಿದ್ದರು, ವೈದ್ಯರು ಈರುಳ್ಳಿಯ ಶರ್ಕರವೆಂದರು. ಕಂದಮೂಲಗಳ ವರ್ಜನೆಯ ಕಾರಣ ಅಹಿಂಸೆಯೇ ಹೊರತು ಅಜೀರ್ಣವಲ್ಲ. ಆಧುನಿಕ ವೈದ್ಯಶಾಸ್ತ್ರವು ನಮ್ಮ ಆಚಾರವನ್ನು ಸಮರ್ಥಿಸಿತೆಂದು ಇಂತಹ ಕಡೆ ಹಿಗ್ಗುವವರಿದ್ದಾರೆ. ನಾಳೆ ಅದೇ ಶಾಸ್ತ್ರ ಬೇರೆ ಹೇಳಿದರೆ ಇವರು ಆಚಾರವನ್ನು ಬಿಡುವರೇ? ಜೈನವೈದ್ಯದ ಹಿರಿಯರು ಈ ವಿಷಯದಲ್ಲಿ ಹೆಚ್ಚು ನಿಷ್ಠುರರು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನ ಕಲ್ಯಾಣಕಾರಕವೂ ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವೂ ಮದ್ಯ, ಮಾಂಸ, ಮಧುಗಳನ್ನು ಔಷಧದಿಂದಲೂ ಹೊರಗಿಟ್ಟು, ಉಳಿದ ದ್ರವ್ಯಗಳಲ್ಲಿಯೇ ರೋಗಶಮನಕ್ಕೆ ದಾರಿ ಹುಡುಕಿದವು.

ಪರೀಕ್ಷೆಯ ಫಲಿತಾಂಶದಿಂದ ಅಂಜಿಕೆ ಹೋಗಲಿಲ್ಲ. ಹತ್ತು ದಿನ ಸಮಾಧಾನವಿತ್ತು. ಆಮೇಲೆ, ಪರೀಕ್ಷಿಸಿದವರ ಕಣ್ಣಿಗೆ ಬೀಳದೆ ಉಳಿದಿದ್ದರೆ ಎಂಬ ಶಂಕೆ ಮೊಳೆಯಿತು. ಇದು ಈ ಕಾಯಿಲೆಯ ಸ್ವಭಾವ. ಅದಕ್ಕಿಂತ ಆಳವಾದ ಇನ್ನೊಂದು ಅಂಜಿಕೆ ಮಾಸ್ತರರಲ್ಲಿ ಮೊದಲಿನಿಂದಲೂ ಇತ್ತು. ಸಮ್ಯಗ್ದೃಷ್ಟಿಯು ಸಪ್ತಭಯಗಳಿಂದ ಮುಕ್ತನೆಂದು ಕುಂದಕುಂದರ ಸಮಯಸಾರ ಹೇಳುತ್ತದೆ. ತನ್ನಲ್ಲಿ ಇಷ್ಟು ಭಯವಿದೆಯೆಂದರೆ ಐವತ್ತು ವರ್ಷಗಳ ಬಸದಿ, ಪೂಜೆ, ಸ್ವಾಧ್ಯಾಯಗಳೆಲ್ಲ ಹುಸಿಯೇ? ಹೊಟ್ಟೆಯ ಅಂಜಿಕೆಗೆ ಹೀಗೆ ಅಂಜಿಕೆಯ ಅಂಜಿಕೆಯೂ ಕೂಡಿಕೊಂಡಿತ್ತು. ಓದಿಲ್ಲದವನಿಗೆ ಈ ಎರಡನೆಯ ಬಾಧೆ ಇರುವುದಿಲ್ಲವೇನೋ.

ಅವರು ಇದನ್ನು ಹೇಳಿಕೊಂಡದ್ದು ಊರಿನ ಬಸದಿಯ ವೃದ್ಧ ಉಪಾಧ್ಯೆಯವರ ಮುಂದೆ. ಉಪಾಧ್ಯೆಯವರ ಉತ್ತರ ಕರ್ಮಸಿದ್ಧಾಂತದಿಂದಲೇ ಬಂದಿತು: "ಮಾಸ್ತರ, ಎಂಟನೇ ಗುಣಸ್ಥಾನದ ತನಕಾ ಭಯದ ಉದಯ ಐತಿ ಅಂತ ಶಾಸ್ತ್ರನ ಹೇಳತೈತಿ. ಮುನಿಗಳಿಗೇ ಬಿಟ್ಟಿಲ್ಲ. ನಾವು ನಾಕರಾಗ ಅದೀವೋ ಒಂದರಾಗ ಅದೀವೋ ಯಾರಿಗೆ ಗೊತ್ತು? ಅಂಜಿಕಿ ಬಂತಂತ ಅಂಜಬ್ಯಾಡ್ರಿ."

ಈ ಉತ್ತರ ಶಾಸ್ತ್ರಶುದ್ಧವಾದುದು. ಭಯವು ಚಾರಿತ್ರಮೋಹನೀಯದ ನೋಕಷಾಯ. ಅದರ ಉದಯವು ಅಪೂರ್ವಕರಣದವರೆಗೂ ಉಳಿಯುತ್ತದೆ. ಪೀಡಾಚಿಂತನವಾದರೂ ಅವಿರತ, ದೇಶವಿರತರಲ್ಲಿ ಮಾತ್ರವಲ್ಲದೆ ಪ್ರಮತ್ತಸಂಯತನಾದ ಮುನಿಯಲ್ಲಿಯೂ ಸಂಭವಿಸಬಹುದೆಂದು ತತ್ತ್ವಾರ್ಥಸೂತ್ರವೇ ಒಪ್ಪುತ್ತದೆ. ಗೊಮ್ಮಟಸಾರದ ಜೀವಕಾಂಡದಲ್ಲಿ ಆಹಾರಸಂಜ್ಞೆ ಮತ್ತು ಭಯಸಂಜ್ಞೆಗಳ ಕಾರಣಗಳನ್ನು ಅಕ್ಕಪಕ್ಕದ ಗಾಹೆಗಳಲ್ಲಿ ಒಂದೇ ಅಚ್ಚಿನಲ್ಲಿ ಹೇಳಿರುವುದು ಈ ಸಂದರ್ಭದಲ್ಲಿ ಕುತೂಹಲಕರ. ಆಹಾರವನ್ನು ಕಾಣುವುದು, ಅದರಲ್ಲಿ ಮನಸ್ಸಿಡುವುದು, ಹೊಟ್ಟೆ ಬರಿದಾಗುವುದು, ಅಸಾತಾವೇದನೀಯದ ಉದೀರಣೆ ಇವು ಒಂದಕ್ಕೆ. ಘೋರವಾದುದನ್ನು ಕಾಣುವುದು, ಅದರಲ್ಲಿ ಮನಸ್ಸಿಡುವುದು, ಶಕ್ತಿ ಕುಂದುವುದು, ಭಯಕರ್ಮದ ಉದೀರಣೆ ಇವು ಇನ್ನೊಂದಕ್ಕೆ. ಉಣ್ಣದೆ ಶಕ್ತಿ ಕುಂದಿದವನಿಗೆ ಭಯ ಹೆಚ್ಚುತ್ತದೆ ಎಂಬುದಕ್ಕೆ ಇದಕ್ಕಿಂತ ಅಡಕವಾದ ನಿರೂಪಣೆ ಸಿಗಲಾರದು. ಈ ಗ್ರಂಥಕ್ಕೆ 1359ರಲ್ಲಿ ಕೇಶವವರ್ಣಿಯು ಬರೆದ ಕನ್ನಡ ವೃತ್ತಿಯೇ ಮುಂದಿನ ಸಂಸ್ಕೃತ ಟೀಕೆಗೆ ಆಧಾರವೆಂದು ತೋರಿಸಿದ ಡಾ. ಎ. ಎನ್. ಉಪಾಧ್ಯೆಯವರೂ ಸದಲಗದವರೇ.

ಮಾಸ್ತರರು ಇನ್ನೊಂದು ಪ್ರಶ್ನೆಯನ್ನೂ ಕೇಳಿದರು. ಹೇಗೂ ಆಹಾರ ಇಷ್ಟಕ್ಕೆ ಇಳಿದಿದೆ, ಇದನ್ನೇ ಸಲ್ಲೇಖನವಾಗಿ ಮುಂದುವರಿಸಬಾರದೇ? ಕುಂಥಲಗಿರಿಯಲ್ಲಿ 1955ರ ಆಗಸ್ಟ್‌-ಸೆಪ್ಟೆಂಬರಿನಲ್ಲಿ 36 ದಿನಗಳ ಸಲ್ಲೇಖನದಿಂದ ದೇಹ ಬಿಟ್ಟ ಶಾಂತಿಸಾಗರರ ಹೆಸರು ಮನೆಮನೆಯಲ್ಲಿರುವ ಸೀಮೆಯಲ್ಲಿ ಈ ಪ್ರಶ್ನೆ ಸಹಜವಾಗಿ ಬರುತ್ತದೆ, ಬಂದಾಗ ಅದನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಶಾಂತಿಸಾಗರರು ದೃಷ್ಟಿ ಮಂದವಾಗಿ ಜೀವರಕ್ಷಣೆಯೊಡನೆ ನಡೆಯುವುದು, ಉಣ್ಣುವುದು ಅಸಾಧ್ಯವಾದಾಗ ಆ ನಿರ್ಧಾರಕ್ಕೆ ಬಂದವರು. ಉಪಾಧ್ಯೆಯವರು ಸಮಂತಭದ್ರರ ಕಥೆಯನ್ನು ಹೇಳಿದರು.

ಕಥೆ ಪ್ರಸಿದ್ಧವಾದುದು. ಮುನಿಯಾಗಿದ್ದ ಸಮಂತಭದ್ರರಿಗೆ ಭಸ್ಮಕವ್ಯಾಧಿ ತಗಲಿತು. ಉಂಡದ್ದೆಲ್ಲ ಕ್ಷಣದಲ್ಲಿ ಭಸ್ಮವಾಗಿ ಹಸಿವು ದೇಹವನ್ನೇ ತಿನ್ನತೊಡಗಿತು. ಅವರು ಗುರುವಿನ ಬಳಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರು ಕೊಡಲಿಲ್ಲ. ನಿನ್ನಿಂದ ಶಾಸನಕ್ಕೆ ಆಗಬೇಕಾದ ಕಾರ್ಯವಿದೆ, ಮೊದಲು ರೋಗವನ್ನು ನೀಗು ಎಂದರು. ವೇಷ ಬದಲಿಸಿ ಶಿವಾಲಯವೊಂದರ ನೈವೇದ್ಯವನ್ನು ಉಂಡು ಅವರು ಗುಣಮುಖರಾದರು. ದೇವಚಂದ್ರನ ರಾಜಾವಳೀಕಥೆ ಇದನ್ನು ಕಂಚಿಯಲ್ಲಿ ನಡೆಯಿತೆನ್ನುತ್ತದೆ, ಸಂಸ್ಕೃತ ಕಥಾಕೋಶಗಳು ವಾರಾಣಸಿಯೆನ್ನುತ್ತವೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ 1129ರ ಮಲ್ಲಿಷೇಣಪ್ರಶಸ್ತಿಯು ಭಸ್ಮಕವನ್ನೇ ಭಸ್ಮಮಾಡಿದವರೆಂದು ಅವರನ್ನು ಹೊಗಳುವುದರಿಂದ ಕಥೆಯ ಬೀಜ ಹನ್ನೆರಡನೆಯ ಶತಮಾನಕ್ಕಾಗಲೇ ಪ್ರಚಾರದಲ್ಲಿತ್ತು. ಚರಕನು ಅತ್ಯಗ್ನಿಗೆ ಗುರು, ಸ್ನಿಗ್ಧ, ಮಧುರ ಆಹಾರವನ್ನೇ ವಿಧಿಸಿರುವುದನ್ನು ನೆನೆದರೆ ನೈವೇದ್ಯದ ಚಿಕಿತ್ಸೆಯೂ ಅಸಂಗತವಲ್ಲ. ಚರಿತ್ರೆಯ ದೃಷ್ಟಿಯಿಂದ ಇದು ಐತಿಹ್ಯವಷ್ಟೇ, ಕವಿಜೀವನವಲ್ಲ. ರತ್ನಕರಂಡಕದ ಕರ್ತೃತ್ವದ ಬಗ್ಗೆಯೂ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ.

ಆದರೂ ಪಠ್ಯದೊಳಗಿನ ಎರಡು ಅಂಶಗಳು ಗಮನಾರ್ಹ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಸಲ್ಲೇಖನವನ್ನು ಹೇಳುವಾಗ ರತ್ನಕರಂಡಕವು 'ನಿಷ್ಪ್ರತೀಕಾರ' ಎಂಬ ವಿಶೇಷಣವನ್ನು ಬಳಸುತ್ತದೆ. ಪ್ರತೀಕಾರವುಳ್ಳ ರೋಗಕ್ಕೆ ಅದು ಅನ್ವಯಿಸದು. ಎರಡನೆಯದಾಗಿ, ಸಲ್ಲೇಖನದ ಐದು ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು 'ಸುಖಾನುಬಂಧ'ವನ್ನು ಹೇಳಿದರೆ ಅದನ್ನು ಕೈಬಿಟ್ಟ ರತ್ನಕರಂಡಕವು 'ಭಯ'ವನ್ನು ಹೇಳುತ್ತದೆ. ಉಳಿದ ನಾಲ್ಕೂ ಹೆಚ್ಚುಕಡಿಮೆ ಸಮಾನ. ಈ ಪಲ್ಲಟವನ್ನು ಟೀಕೆಗಳ ಹಿನ್ನೆಲೆಯಲ್ಲಿ ಪರಿಶೀಲಿಸಲು ಸಂಶೋಧಕರಿಗೆ ಅವಕಾಶವಿದೆ. ಕೃಷ್ಣಾತೀರದ ಆ ಬಸದಿಯ ಜಗುಲಿಯಲ್ಲಿ ಅದರ ಅರ್ಥ ಸರಳವಾಗಿತ್ತು. ಉಪಾಧ್ಯೆಯವರು ಕೇಳಿದ್ದು ಎರಡೇ ಪ್ರಶ್ನೆ: ವೈದ್ಯರು ಔಷಧವಿಲ್ಲವೆಂದರೇ? ನೀವು ಅಂಜದೆ ಬಿಟ್ಟಿರಾ? ಎರಡಕ್ಕೂ ಮಾಸ್ತರರಲ್ಲಿ ಉತ್ತರವಿರಲಿಲ್ಲ.

ವಡ್ಡಾರಾಧನೆಯ ಸನತ್ಕುಮಾರನ ಕಥೆಯನ್ನು ಮಾಸ್ತರರು ಅನೇಕ ಸಲ ಓದಿದ್ದರು, ಮಕ್ಕಳಿಗೆ ಹೇಳಿದ್ದರು. ಆರಾಧನೆಯ ಗಾಹೆ ಆ ಚಕ್ರವರ್ತಿಮುನಿ ಸೈರಿಸಿದ ರೋಗಗಳನ್ನು ಎಣಿಸುವಾಗ ತುರಿ, ಜ್ವರ, ಕೆಮ್ಮುಗಳ ಜೊತೆಗೆ ಅನ್ನದ್ವೇಷವನ್ನೂ ಕುಕ್ಷಿಶೂಲೆಯನ್ನೂ ಸೇರಿಸುತ್ತದೆ. ವೈದ್ಯರ ವೇಷದಲ್ಲಿ ಬಂದ ದೇವತೆಗಳನ್ನು ಅವನು ಹಿಂದಿರುಗಿಸಿದ್ದನ್ನೇ ಮಾಸ್ತರರು ಇದುವರೆಗೆ ಕಥೆಯ ಶಿಖರವೆಂದು ಭಾವಿಸಿದ್ದರು. ಈಗ ಓದುವಾಗ ಬೇರೆಯೇ ಕಂಡಿತು. ಸನತ್ಕುಮಾರನು ರೋಗವನ್ನು ಸೈರಿಸುತ್ತಾನೆ, ದಿನವೂ ಕನ್ನಡಿ ಹಿಡಿದು ನೋಡುವುದಿಲ್ಲ.

ಮುಂದಿನ ಕೆಲಸ ನಿಧಾನವಾದುದು, ಹೇಳುವುದಕ್ಕೆ ಹೆಚ್ಚಿಲ್ಲ. ವೈದ್ಯರು ಅಂಜಿಕೆಗಾಗಿ ಮಾತಿನ ಚಿಕಿತ್ಸೆ ಕೊಡುವ ತಜ್ಞರ ಬಳಿ ಕಳುಹಿಸಿದರು. ತಕ್ಕಡಿಗೆ ತಿಂಗಳಿಗೆ ಒಂದೇ ಸಲ, ಮೊಬೈಲಿನಲ್ಲಿ ರೋಗದ ಹುಡುಕಾಟ ಬಿಡುವುದು, ಹೊಸ ಲಕ್ಷಣ ಕಂಡರೆ ಎರಡು ವಾರ ಬರೆದಿಟ್ಟು ಆಮೇಲೆ ಕೇಳುವುದು ಎಂಬ ಕಟ್ಟುಪಾಡುಗಳಾದವು. ರಕ್ತ ಕಂಡರೆ ಮಾತ್ರ ಕಾಯಬಾರದು. ಮಾಸ್ತರರು ಇವನ್ನು ಪಕ್ಷಮಾಸಗಳ ನಿಯಮಗಳಾಗಿಯೇ ಬಸದಿಯಲ್ಲಿ ತೆಗೆದುಕೊಂಡರು. ಹೊಟ್ಟೆ ಈಗಲೂ ಪೂರ್ತಿ ಸರಿಯಿಲ್ಲ. ಹಾಲು ಒಗ್ಗುವುದಿಲ್ಲ, ಮಡಿಕೆಕಾಳು ಒಂದು ಮುಷ್ಟಿಗಿಂತ ಹೆಚ್ಚಾದರೆ ಕಾಡುತ್ತದೆ. ತೂಕ 6 ಕಿಲೊ ಮರಳಿದೆ. ಜೋಳದ ರೊಟ್ಟಿ ಮೊದಲು ಮರಳಿತು, ಆಮೇಲೆ ಮೊಸರು, ಚಪಾತಿ ಒಂದು. ಹಾಲನ್ನು ಅನಿಷ್ಟವೆಂದು ಕಳೆದ ಅಷ್ಟಾಹ್ನಿಕದಲ್ಲಿ ಯಾವಜ್ಜೀವ ಬಿಟ್ಟರು. ಝುಣಕಕ್ಕೆ ಮಾತ್ರ ಇನ್ನೂ ದಿನ ಗೊತ್ತಾಗಿಲ್ಲ. ಮನೆಯವರು ಕಡಲೆಹಿಟ್ಟು ತರಿಸಿ ಇಟ್ಟಿದ್ದಾರೆ.